ಸೂಜಿ ಹಾಕಿಸಿಕೊಂಡು ಮನೆಗೆ ಹೋಗಿ ಮಲಗಬೇಡಿ

ಸಾಗರದಲ್ಲಿ ನನ್ನದೊಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ. ಅಡಿಕೆ ಕೊನೆ ಕೊಯ್ಲು ಶುರುವಾಯಿತು ಅಂದರೆ ಹೊರಗಿನ ಬೆಂಚು ಖಾಲಿ ಇರುವುದಿಲ್ಲ. ಮೆಟ್ಟುಗತ್ತಿ ಮುಂದೆ ರಾತ್ರಿಯವರೆಗೂ ಕೂತು ಅಡಿಕೆ ಸುಲಿದ ಹೆಂಗಸರ ಮಂಡಿ, ಮರದ ಮೇಲಿಂದ ಕೊನೆ ಇಳಿಸುವ ಕೊನೆಗೌಡರ ಭುಜ, ಘಟ್ಟದ ತಿರುವುಗಳಲ್ಲಿ ಬಸ್ಸು ಓಡಿಸುವ ಡ್ರೈವರುಗಳ ಸೊಂಟ. ಇವರಲ್ಲಿ ಬಹಳ ಜನ ನನ್ನ ಹತ್ತಿರ ಬರುವ ಮೊದಲೇ ಎಲ್ಲಾದರೂ ಅಕ್ಯುಪಂಕ್ಚರ್, ಅಂದರೆ ಚೀನಾ ಮೂಲದ ಸೂಜಿ ಚಿಕಿತ್ಸೆ, ಮಾಡಿಸಿಕೊಂಡಿರುತ್ತಾರೆ. ಎಲ್ಲರ ಮಾತೂ ಹೆಚ್ಚುಕಮ್ಮಿ ಒಂದೇ: "ಸೂಜಿ ಹಾಕಿಸಿದ ದಿನ ಹಾಯ್ ಅನ್ನಿಸ್ತು ಮೇಡಂ. ಎರಡು ದಿನ ಆರಾಮಿತ್ತು. ಆಮೇಲೆ ಮತ್ತೆ ಅದೇ ಕತೆ."

ಆ ಎರಡು ದಿನ ಏನು ಮಾಡಿದಿರಿ ಅಂತ ಕೇಳುತ್ತೇನೆ. ಒಂದೋ ಮಲಗಿ ರೆಸ್ಟ್ ತಗೊಂಡಿರುತ್ತಾರೆ. ಇಲ್ಲಾ, ನೋವಿಲ್ಲವಲ್ಲ ಅಂತ ಬಾಕಿ ಬಿದ್ದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಿರುತ್ತಾರೆ. ಎರಡೂ ದಂಡ. ಸೂಜಿ ನೋವನ್ನು ತಗ್ಗಿಸುತ್ತದೆ, ತೊಡೆಗೆ ಬಲ ಕೊಡುವುದಿಲ್ಲ. ಬಲ ಬರುವುದು ತೊಡೆಯನ್ನು ದುಡಿಸಿದಾಗ ಮಾತ್ರ. ನೋವಿರುವಾಗ ಯಾರೂ ದುಡಿಸುವುದಿಲ್ಲ. ಹಾಗಾಗಿ ನೋವು ತಗ್ಗಿದ ಆ ಎರಡು ದಿನವೇ ನಮಗೆ ಸಿಗುವ ಅವಕಾಶ. ಅದನ್ನು ಹೇಗೆ ಬಳಸಿಕೊಳ್ಳಬೇಕು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೂಜಿ ಹಾಕುವುದಿಲ್ಲ. ವಾರಕ್ಕೆರಡು ದಿನ ಪಕ್ಕದ ಕೋಣೆಯಲ್ಲಿ ಒಬ್ಬ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಡಾಕ್ಟರ್ ಕೂರುತ್ತಾರೆ. ಅವರು ಸೂಜಿ ತೆಗೆದ ಮೇಲೆ ನನ್ನ ಕೆಲಸ ಶುರು. ಈ ಏರ್ಪಾಡು ಎಲ್ಲ ಊರಲ್ಲೂ ಇರಲಿಕ್ಕಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ಇದ್ದರೂ ಜೊತೆಗೂಡಿಸುವುದು ಕಷ್ಟವೇನಲ್ಲ.

ಮೊದಲು ಯಾರ ಹತ್ತಿರ ಹೋಗಬೇಕು

ಇಬ್ಬರ ಹತ್ತಿರವೂ ಅಲ್ಲ. ಮೊದಲು ಮೂಳೆ ಡಾಕ್ಟರೋ ಫ್ಯಾಮಿಲಿ ಡಾಕ್ಟರೋ ಒಮ್ಮೆ ನೋಡಲಿ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದೆ ಅಥವಾ ಹಿಡಿತ ತಪ್ಪಿದೆ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತಿಲ್ಲ, ನಡೆಯುವಾಗ ಪಾದ ಕೆಳಕ್ಕೆ ಜೋತು ಬೀಳುತ್ತಿದೆ ಅಂದರೆ ಅದು ಸೂಜಿಯ ಕೇಸೂ ಅಲ್ಲ, ನನ್ನ ಕೇಸೂ ಅಲ್ಲ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹೇಗೆ ಮಲಗಿದರೂ ಬಿಡದ ರಾತ್ರಿ ನೋವು, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿರುವುದು, ಎಡಭುಜದ ನೋವಿನ ಜೊತೆ ಬೆವರು, ಏದುಸಿರು: ಇವಕ್ಕೂ ಮೊದಲು ಡಾಕ್ಟರ್. "ವಾಯು ಹಿಡ್ಕೊಂಡಿರಬೇಕು" ಅಂತ ಎದೆನೋವಿಗೆ ಭುಜ ತಿಕ್ಕಿಸಿಕೊಳ್ಳಲು ಬಂದವರನ್ನು ನಾನು ನೇರ ಇಸಿಜಿಗೆ ಕಳಿಸಿದ್ದುಂಟು.

ಇನ್ನು ಸೂಜಿ ಹಾಕುವವರನ್ನು ಹುಡುಕುವುದು. ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ಕ್ರಮ ಅಂತ ಒಪ್ಪಿತು. 2019ರಲ್ಲಿ ಸ್ವತಂತ್ರ ಪದ್ಧತಿ ಅಂತಲೂ ಮಾನ್ಯ ಮಾಡಿತು. ಹಾಗಂತ ಬೋರ್ಡ್ ಹಾಕಿದವರೆಲ್ಲ ಕಲಿತವರು ಅಂತಲ್ಲ. ನಮ್ಮ ರಾಜ್ಯದಲ್ಲಿ ಸುಲಭದ ದಾರಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಓದಿದವರು. ಆ ಕೋರ್ಸಿನಲ್ಲಿ ಅಕ್ಯುಪಂಕ್ಚರ್ ಒಂದು ವಿಷಯ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಈ ಪದವಿ ಕೊಡುತ್ತಿದೆ. ಎಲ್ಲಿ ಕಲಿತಿರಿ, ನೋಂದಣಿ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಕೆಲವು ಫಿಸಿಯೋಗಳು ಡ್ರೈ ನೀಡ್ಲಿಂಗ್ ಮಾಡುತ್ತಾರೆ. ಸೂಜಿ ಅದೇ, ಲೆಕ್ಕಾಚಾರ ಬೇರೆ. ಅವರು ಮಾಂಸಖಂಡದಲ್ಲಿ ಗಂಟುಕಟ್ಟಿದ ಜಾಗಕ್ಕೇ ನೇರ ಚುಚ್ಚುತ್ತಾರೆ. ಅಲ್ಲೂ ಇದೇ ಪ್ರಶ್ನೆ ಕೇಳಿ.

"ಚೀನಾದ್ದು ನಮಗೆ ಆಗಿಬರುತ್ತಾ?" ಅಂತ ಕೇಳುವವರೂ ಇದ್ದಾರೆ. 1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಡಾಕ್ಟರುಗಳ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಜೊತೆ ಬಿಜಯ್ ಕುಮಾರ್ ಬಸು ಅಂತ ಇನ್ನೊಬ್ಬರಿದ್ದರು. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಹೋಗಿ ಈ ವಿದ್ಯೆ ಕಲಿತು ಬಂದು ಕಲ್ಕತ್ತಾದಲ್ಲಿ ಶುರು ಮಾಡಿದರು. ಅಂದರೆ ಇದು ನಮ್ಮಲ್ಲಿಗೆ ಬಂದು ಅರವತ್ತು ವರ್ಷದ ಮೇಲಾಯಿತು.

ಸೂಜಿಯಿಂದ ಎಷ್ಟು ನಿರೀಕ್ಷೆ ಮಾಡಬಹುದು

ಸೂಜಿ ಕಾಲು ಮಿಲಿಮೀಟರ್ ದಪ್ಪ ಇರುತ್ತದೆ, ಇಂಜೆಕ್ಷನ್ ಸೂಜಿಯ ಅರ್ಧವೂ ಇಲ್ಲ. ಹಾಕಿದಾಗ ಚುಚ್ಚಿದ ನೋವಿಗಿಂತ ಒಂಥರಾ ಭಾರ, ಮಂದವಾದ ಜಗ್ಗಿದ ಹಾಗಿನ ಅನುಭವ ಬರುತ್ತದೆ. ಅದು ಬರಬೇಕು. ಕರೆಂಟ್ ಹೊಡೆದ ಹಾಗೆ ಚುರುಕ್ ಅಂದರೆ ತಕ್ಷಣ ಹೇಳಿ. ಸೂಜಿ ನರವನ್ನು ಕೆಣಕಿದಾಗ ದೇಹ ತನ್ನದೇ ನೋವುನಿವಾರಕ ಎಂಡಾರ್ಫಿನ್ ಬಿಡುತ್ತದೆ ಅನ್ನುವುದಕ್ಕೆ 1970ರ ದಶಕದಿಂದ ಪ್ರಯೋಗಗಳಿವೆ.

ಈಗ ಸ್ವಲ್ಪ ಖಾರದ ಮಾತು. ಜರ್ಮನಿಯಲ್ಲಿ ಸುಮಾರು ಸಾವಿರ ಜನ ಮಂಡಿ ನೋವಿನವರ ಮೇಲೆ ನಡೆದ ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆರು ಸಲದವರೆಗೆ ಫಿಸಿಯೋ, ಬೇಕಾದಾಗ ಮಾತ್ರೆ. ಅದರ ಮೇಲೆ ಒಂದು ಗುಂಪಿಗೆ ಅಕ್ಯುಪಂಕ್ಚರ್ ಪದ್ಧತಿ ಹೇಳುವ ಸರಿಯಾದ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬೇರೆ ಜಾಗದಲ್ಲಿ ಆಳಕ್ಕಿಳಿಸದೆ ಮೇಲೆಮೇಲೆ ಸೂಜಿ, ಮೂರನೆಯದಕ್ಕೆ ಬರೀ ಡಾಕ್ಟರ್ ಭೇಟಿ. ಆರು ತಿಂಗಳ ನಂತರ ಚೆನ್ನಾಗಿ ಸುಧಾರಿಸಿದವರು ನೂರಕ್ಕೆ 53, 51, 29. ಅಂದರೆ ಸೂಜಿ ಸೇರಿದ್ದರಿಂದ ಲಾಭ ಆಯಿತು, ಆದರೆ ಯಾವ ಬಿಂದು ಅನ್ನುವುದು ಅಂಥ ವ್ಯತ್ಯಾಸ ಮಾಡಲಿಲ್ಲ. ಮರುವರ್ಷ ಇಂಗ್ಲೆಂಡಿನ ಇನ್ನೊಂದು ಅಧ್ಯಯನ ಬಂತು. 352 ಜನ, ಎಲ್ಲರಿಗೂ ಫಿಸಿಯೋ ಸಲಹೆ ಮತ್ತು ವ್ಯಾಯಾಮ. ಅಲ್ಲಿ ಆರು ತಿಂಗಳ ಹೊತ್ತಿಗೆ ಸೂಜಿ ಸೇರಿಸಿದವರಿಗೂ ಸೇರಿಸದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ.

ನಾನು ಇದನ್ನು ಓದಿಕೊಂಡಿರುವುದು ಹೀಗೆ: ವ್ಯಾಯಾಮ ಸರಿಯಾಗಿ ಮಾಡುವವರಿಗೆ ಸೂಜಿ ಕಡ್ಡಾಯವಲ್ಲ. ನೋವಿನಿಂದ ವ್ಯಾಯಾಮ ಶುರುವೇ ಮಾಡಲಾಗದವರಿಗೆ, ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಬಂದವರಿಗೆ, ಕಿಡ್ನಿ ತೊಂದರೆಯಿಂದ ನೋವಿನ ಮಾತ್ರೆ ತಗೊಳ್ಳಬಾರದವರಿಗೆ ಅದು ಕೈಹಿಡಿದು ಎಬ್ಬಿಸುತ್ತದೆ. ಒಮ್ಮೆ ಎದ್ದರೆ ಸಾಕು.

ಆ ದಿನದ ಕ್ರಮ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ತಲೆಸುತ್ತು ಬಂದು ಬೀಳುವವರಲ್ಲಿ ಹೆಚ್ಚಿನವರು ಉಪವಾಸದವರು, ಇಲ್ಲಾ ಬರೀ ಕಾಫಿ ಕುಡಿದು ಬಂದವರು. ಎರಡು ಗಂಟೆ ಮೊದಲು ತಿಂಡಿ ಆಗಿರಲಿ. ಸಡಿಲ ಬಟ್ಟೆ ಹಾಕಿ. ಮಂಡಿಗಾದರೆ ಮಡಚಲು ಬರುವ ಪ್ಯಾಂಟ್ ಅಥವಾ ಲಂಗ, ಬೆನ್ನಿಗಾದರೆ ಹಿಂದೆ ಬಿಚ್ಚಲು ಬರುವ ಅಂಗಿ. ಮೊದಲ ಸಲವಾದರೆ ಮಲಗಿಯೇ ಹಾಕಿಸಿಕೊಳ್ಳಿ, ಕೂತಲ್ಲ. ಸೂಜಿಯ ಪ್ಯಾಕೆಟ್ ನಿಮ್ಮ ಎದುರೇ ಒಡೆಯಬೇಕು, ಒಮ್ಮೆ ಬಳಸಿದ್ದು ಡಬ್ಬಕ್ಕೆ ಹೋಗಬೇಕು. "ನಿಮ್ಮ ಸೂಜಿ ನಿಮಗೇ ಎತ್ತಿಟ್ಟಿರ್ತೀವಿ" ಅಂದರೆ ಎದ್ದು ಬನ್ನಿ.

ಸೂಜಿ ಇರುವುದು ಹದಿನೈದರಿಂದ ಮೂವತ್ತು ನಿಮಿಷ. ತೆಗೆದ ಮೇಲೆ ಧಡಕ್ಕನೆ ಏಳಬೇಡಿ. ಮಗ್ಗುಲಾಗಿ, ಕೂತು, ನೀರು ಕುಡಿದು, ಹತ್ತು ನಿಮಿಷ ಸುಮ್ನೆ ಇರಿ. ಆಮೇಲೆ ಫಿಸಿಯೋ. ನಮ್ಮಲ್ಲಿ ಮಾಡುವ ಕ್ರಮ ಇದು: ಮೊದಲು ಕೀಲನ್ನು ಪೂರ್ತಿ ಆಡಿಸುವುದು, ನಂತರ ಹಗುರ ವ್ಯಾಯಾಮ. ಭಾರದ ವ್ಯಾಯಾಮ ಮರುದಿನಕ್ಕೆ. ಸೂಜಿ ಹಾಕಿಸಿದ ದಿನ ನೋವಿನ ಎಚ್ಚರಿಕೆಯ ಗಂಟೆ ಸ್ವಲ್ಪ ಮೆತ್ತಗಿರುತ್ತದೆ, ಹುರುಪಿನಲ್ಲಿ ಜಾಸ್ತಿ ಎತ್ತಿದರೆ ರಾತ್ರಿ ಗೊತ್ತಾಗುತ್ತದೆ.

ಅಕ್ಯುಪಂಕ್ಚರ್ ಒಂದು ಕಡೆ, ಫಿಸಿಯೋ ಇನ್ನೊಂದು ಕಡೆ ಆದರೆ ಬೆಳಿಗ್ಗೆ ಸೂಜಿ, ಸಂಜೆ ಫಿಸಿಯೋ ಇಟ್ಟುಕೊಳ್ಳಿ. ಅಥವಾ ಇವತ್ತು ಸೂಜಿ, ನಾಳೆ ಬೆಳಿಗ್ಗೆ ಫಿಸಿಯೋ. ಮೂರು ದಿನ ಬಿಟ್ಟು ಬಂದರೆ ಅವಕಾಶ ಕಳೆದುಹೋಗಿರುತ್ತದೆ. ಒಂದು ಸಣ್ಣ ನೋಟ್‌ಬುಕ್ ಇಡಿ. ಯಾವ ದಿನ ಎಲ್ಲಿ ಸೂಜಿ, ಯಾವ ವ್ಯಾಯಾಮ, ಮರುದಿನ ಬೆಳಿಗ್ಗೆ ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು. ಅದನ್ನು ಇಬ್ಬರಿಗೂ ತೋರಿಸಿ. ಸೂಜಿ ಡಾಕ್ಟರ್ ಹತ್ತಿರ ಹೋಗುತ್ತಿರುವುದನ್ನು ಫಿಸಿಯೋದಿಂದ ಮುಚ್ಚಿಡುವವರು ಬಹಳ. ಬೈಯುತ್ತಾರೆ ಅನ್ನುವ ಭಯ ಅಂತೆ. ಹೇಳದೇ ಇದ್ದರೆ ನಾನು ಸೂಜಿ ಹಾಕಿದ ಜಾಗದ ಮೇಲೇ ಬಿಸಿ ಪ್ಯಾಕ್ ಇಟ್ಟು ಗಟ್ಟಿಯಾಗಿ ತಿಕ್ಕಿಬಿಡುತ್ತೇನೆ, ಅಲ್ಲಿ ನೀಲಿ ಕಟ್ಟುತ್ತದೆ.

ಮಂಡಿ

ಮಂಡಿಗೆ ಸಾಮಾನ್ಯವಾಗಿ ಚಿಪ್ಪಿನ ಕೆಳಗೆ ಎರಡೂ ಪಕ್ಕದ ತಗ್ಗುಗಳಲ್ಲಿ, ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಮೊಳಕಾಲ ಎಲುಬಿನ ಹೊರಮಗ್ಗುಲಲ್ಲಿ, ಇನ್ನೊಂದೆರಡು ಒಳಮಗ್ಗುಲಲ್ಲಿ ಸೂಜಿ ಹಾಕುತ್ತಾರೆ. ಚಿಪ್ಪಿನ ಪಕ್ಕದ ತಗ್ಗು ಕೀಲಿಗೆ ಬಹಳ ಹತ್ತಿರ, ಸ್ವಚ್ಛತೆಯಲ್ಲಿ ರಾಜಿ ಇಲ್ಲ.

ಸೂಜಿ ತೆಗೆದ ಮೇಲೆ ನಾನು ಮಾಡಿಸುವ ಮೊದಲ ಕೆಲಸ ಇದು. ಕಾಲು ಚಾಚಿ ಕೂರಿಸಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡುತ್ತೇನೆ. ಮಂಡಿಯಿಂದ ಟವೆಲನ್ನು ಮಂಚಕ್ಕೆ ಒತ್ತಬೇಕು, ಹಿಮ್ಮಡಿ ಸ್ವಲ್ಪ ಎದ್ದರೂ ಪರವಾಗಿಲ್ಲ. ಐದು ಎಣಿಸಿ ಬಿಡಬೇಕು. ಒತ್ತುವಾಗ ತೊಡೆಯ ಮುಂಭಾಗದ ಮೇಲೆ ಅವರದೇ ಅಂಗೈ ಇಡಿಸುತ್ತೇನೆ. ಗಟ್ಟಿಯಾಗುವುದು ಕೈಗೆ ಸಿಗಬೇಕು. ವರ್ಷಗಟ್ಟಲೆ ನೋವು ತಿಂದವರಲ್ಲಿ ಚಿಪ್ಪಿನ ಒಳಮಗ್ಗುಲ ಮೇಲಿನ ಆ ಸಣ್ಣ ಮಾಂಸಖಂಡ ಎದ್ದೇ ಏಳುವುದಿಲ್ಲ, ಮೆತ್ತಗೆ ಬಿದ್ದಿರುತ್ತದೆ. ಕೀಲಿನಲ್ಲಿ ನೋವು, ನೀರು ಇದ್ದರೆ ನರಮಂಡಲವೇ ಆ ಖಂಡಕ್ಕೆ ತಡೆ ಹಾಕಿರುತ್ತದೆ. ನೋವು ತಗ್ಗಿದ ಹೊತ್ತಲ್ಲಿ ಒತ್ತಿಸಿದರೆ ಅದು ಮಿಡುಕಲು ಶುರುವಾಗುತ್ತದೆ. ಅಡಿಕೆ ಸುಲಿಯಲು ಹೋಗುವ ಒಬ್ಬ ಅಕ್ಕ ತನ್ನ ಕೈಕೆಳಗೆ ಅದು ಅಲುಗಿದ್ದು ನೋಡಿ, "ಇದು ಇಲ್ಲಿತ್ತಾ!" ಅಂದರು.

ಹತ್ತು ಸಲ ಒತ್ತಿದ ಮೇಲೆ ಕಾಲು ನೆಟ್ಟಗೆ ಇಟ್ಟು ಒಂದಡಿ ಎತ್ತಿ ಇಳಿಸುವುದು. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಕುರ್ಚಿ ತಗ್ಗಾಗಿದ್ದರೆ ಮೇಲೆ ದಿಂಬು ಹಾಕಿ, ವಾರ ಕಳೆದಂತೆ ದಿಂಬು ತೆಗೆಯಿರಿ. ಮನೆಯಲ್ಲಿ ಒತ್ತುವುದು, ಎತ್ತುವುದು ದಿನಾ ಎರಡು ಹೊತ್ತು. ಕುರ್ಚಿಯದ್ದು ದಿನ ಬಿಟ್ಟು ದಿನ. ಮಾಡುವಾಗ ನೋವು ಹತ್ತಕ್ಕೆ ನಾಲ್ಕರೊಳಗಿದ್ದು, ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿ ನಡೆಯುತ್ತಿದೆ ಅಂತ ಅರ್ಥ. ಮಂಡಿ ಊದಿದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. "ಸವೆದ ಮಂಡಿ ಆಡಿಸಿದರೆ ಇನ್ನೂ ಸವೆಯುತ್ತೆ" ಅನ್ನುವ ಮಾತು ಮನೆ ಮನೆಯಲ್ಲೂ ಇದೆ. ಅಳತೆಯಲ್ಲಿ ಮಾಡಿದ ವ್ಯಾಯಾಮದಿಂದ ಮಂಡಿ ಸವೆಯುವುದಿಲ್ಲ.

ಹಿಡಿದುಕೊಂಡ ಭುಜ

ಫ್ರೋಜನ್ ಶೋಲ್ಡರ್ ಸಕ್ಕರೆ ಕಾಯಿಲೆ ಇರುವವರಿಗೆ ಜಾಸ್ತಿ. ಇದರಲ್ಲಿ ಕಾಲ ನೋಡಿ ಕೆಲಸ ಮಾಡಬೇಕು. ಮೊದಲ ಕೆಲವು ತಿಂಗಳು ನೋವೇ ನೋವು, ಆ ಮಗ್ಗುಲಿಗೆ ಮಲಗಲಾಗದು. ಆಗ ಭುಜವನ್ನು ಹಿಡಿದು ಎಳೆಯುವ ಫಿಸಿಯೋ ಬೇಡವೇ ಬೇಡ, ಇನ್ನೂ ಕೆರಳುತ್ತದೆ. ಈ ಹಂತದಲ್ಲಿ ಸೂಜಿಗೇ ಹೆಚ್ಚು ಕೆಲಸ, ನಿದ್ದೆ ಬಂದರೆ ಅದೇ ದೊಡ್ಡ ಲಾಭ. ನಾನು ಮಾಡಿಸುವುದು ಬರೀ ಮುಂದಕ್ಕೆ ಬಾಗಿ ಕೈ ಜೋತುಬಿಟ್ಟು ತೂಗುವುದು. ನೋವು ಕಡಿಮೆಯಾಗಿ ಬಿಗಿತ ಮಾತ್ರ ಉಳಿದ ಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಿನ ಕೈಯಿಂದ ಕೆಳಗಿನ ಕೈ ಎಳೆಯುವುದು. ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ನೋಡಿ.

ಇಲ್ಲಿ ಒಂದು ವಿಶೇಷ ಇದೆ. ಹಳೆಯ ಪದ್ಧತಿಯಲ್ಲಿ ಭುಜ ನೋವಿಗೆ ಮಂಡಿಗೂ ಪಾದಕ್ಕೂ ನಡುವೆ ಇರುವ ಒಂದು ಬಿಂದುವಿಗೆ ಸೂಜಿ ಹಾಕಿ, ಸೂಜಿ ಇರುವಾಗಲೇ ಭುಜ ಆಡಿಸಲು ಹೇಳುತ್ತಾರೆ. ಕಾಲಿನ ಸೂಜಿಗೂ ಭುಜಕ್ಕೂ ಏನು ಸಂಬಂಧ ಅಂತ ಪೇಷಂಟ್ ಕೇಳುತ್ತಾರೆ, ನ್ಯಾಯವೇ. ನನಗೆ ಇದು ಇಷ್ಟವಾಗಲು ಕಾರಣ ಸರಳ: ಭುಜ ಖಾಲಿ ಇರುತ್ತದೆ, ಹಾಗಾಗಿ ನನ್ನ ಕೆಲಸವೂ ಅದೇ ಇಪ್ಪತ್ತು ನಿಮಿಷದಲ್ಲಿ ನಡೆಯುತ್ತದೆ. ಡಾಕ್ಟರ್ ಕಾಲ ಹತ್ತಿರ, ನಾನು ಕೈ ಹತ್ತಿರ. ಪೇಷಂಟ್ ಕೂತಿರುತ್ತಾರೆ, ಹಾಗಾಗಿ ಇದು ಮೊದಲ ಸಲಕ್ಕಲ್ಲ, ಸೂಜಿ ಅಭ್ಯಾಸ ಆದವರಿಗೆ ಮಾತ್ರ. ಸೂಜಿ ಇರುವ ಕಾಲು ಮಾತ್ರ ಅಲುಗಬಾರದು.

ಸೊಂಟ

ಸೊಂಟಕ್ಕೆ ಸೂಜಿ ಹಾಕಲು ಹೇಗೂ ಬೋರಲು ಮಲಗಿಸುತ್ತಾರೆ. ತೆಗೆದ ಮೇಲೆ ಅಲ್ಲಿಂದಲೇ ಶುರು ಮಾಡಿ. ಎರಡು ನಿಮಿಷ ಹಾಗೇ ಮಲಗಿ, ಆಮೇಲೆ ಮೊಣಕೈ ಊರಿ ಎದೆ ಎತ್ತಿ, ಅದು ಆರಾಮಾದರೆ ಅಂಗೈ ಊರಿ. ಸೊಂಟ ಮಂಚಕ್ಕೆ ಅಂಟಿರಲಿ. ಕಾಲಿಗೆ ಇಳಿಯುವ ಸೆಳೆತ ಇರುವವರು ಒಂದು ಗಮನಿಸಿ: ಪಾದದಲ್ಲಿದ್ದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಸೊಂಟಕ್ಕೆ ಮೇಲೇರಿದರೆ ಒಳ್ಳೆಯ ಲಕ್ಷಣ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದರೂ. ಕೆಳಕ್ಕೆ ಇಳಿದರೆ ನಿಲ್ಲಿಸಿ, ಹೇಳಿ. ವಯಸ್ಸಾದವರಲ್ಲಿ ನಿಂತರೆ ಹೆಚ್ಚು, ಬಾಗಿದರೆ ಹಗುರ ಅನ್ನುವ ನೋವಿದ್ದರೆ ಇದು ಒಗ್ಗುವುದಿಲ್ಲ. ಅವರಿಗೆ ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವುದು.

ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೆಯಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ಸೂಜಿ ಚಿಕಿತ್ಸೆ, ಮಸಾಜ್ ಪರಿಗಣಿಸಬಹುದು ಅಂದಿತು. ಬೆಲ್ಟ್, ಸೊಂಟ ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ, ಚರ್ಮಕ್ಕೆ ಪ್ಯಾಡ್ ಅಂಟಿಸಿ ಕೊಡುವ ಟೆನ್ಸ್ ಕರೆಂಟ್ ಬೇಡ ಅಂದಿತು. ನಮ್ಮ ಜನ ಫಿಸಿಯೋ ಅಂದರೆ "ಕರೆಂಟ್ ಕೊಡ್ಸೋದು" ಅಂತಲೇ ತಿಳಿದಿದ್ದಾರೆ, ಅದಕ್ಕೆ ನಮ್ಮವರೇ ಕಾರಣ. ಮೆಷಿನ್ ಅಂಟಿಸಿ ಹೋದರೆ ಒಮ್ಮೆಗೆ ನಾಲ್ಕು ಪೇಷಂಟ್ ನೋಡಬಹುದಲ್ಲ. ಸೂಜಿ ಆದ ಮೇಲೆ ಮತ್ತೆ ಕರೆಂಟ್ ಕೊಟ್ಟು ಕಳಿಸುವ ಫಿಸಿಯೋಗೆ ದುಡ್ಡು ಕೊಡಬೇಡಿ, ವ್ಯಾಯಾಮ ಹೇಳಿಕೊಡಿ ಅಂತ ಕೇಳಿ.

ಎಚ್ಚರ ಬೇಕಾದವರು

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಿ. ನೀವೇ ಮಾತ್ರೆ ನಿಲ್ಲಿಸಿ ಬರಬೇಡಿ. ಪೇಸ್‌ಮೇಕರ್ ಇದ್ದರೆ ಸೂಜಿಗೆ ಕ್ಲಿಪ್ ಸಿಕ್ಕಿಸಿ ಕರೆಂಟ್ ಹರಿಸುವುದು ಬೇಡ. ಬಸುರಿಯರು ಮೊದಲು ಹೆರಿಗೆ ಡಾಕ್ಟರನ್ನು ಕೇಳಿ, ಸೂಜಿ ಹಾಕುವವರಿಗೂ ತಿಳಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಅಲ್ಲಿ ಸೂಜಿಯೂ ಬೇಡ, ಬಿಸಿ ಪ್ಯಾಕೂ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಹೆಗಲು, ಮೇಲ್ಬೆನ್ನು, ಪಕ್ಕೆಲುಬಿನ ಜಾಗದಲ್ಲಿ ಆಳಕ್ಕೆ ಹೋದ ಸೂಜಿ ಶ್ವಾಸಕೋಶ ತಾಗಬಹುದು. ಅಪರೂಪ, ಆದರೆ ಆಗಿದೆ. ಅಲ್ಲಿ ಸೂಜಿ ಹಾಕಿಸಿದ ದಿನ ಅಥವಾ ಮರುದಿನ ಎದೆ ಚುಚ್ಚಿ ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿದ್ದನ್ನು ಹೇಳಿ.

ಎಷ್ಟು ಸಲ, ಯಾವಾಗ ನಿಲ್ಲಿಸುವುದು

ಮೊದಲ ಮೂರು ವಾರ ವಾರಕ್ಕೆರಡು ಸೂಜಿ, ಆಮೇಲೆ ವಾರಕ್ಕೊಂದು. ಒಟ್ಟು ಎಂಟು ಹತ್ತರಲ್ಲಿ ಮುಗಿಯಬೇಕು. ಐದಾರು ಸಲ ಆದರೂ ನೋಟ್‌ಬುಕ್ಕಿನ ಅಂಕಿ ಇಳಿದಿಲ್ಲ, ಮೆಟ್ಟಿಲು ಹತ್ತುವುದು, ನಿದ್ದೆ ಯಾವುದೂ ಸುಧಾರಿಸಿಲ್ಲ ಅಂದರೆ ಸೂಜಿ ಬಿಡಿ, ನೋವಿನ ಕಾರಣವನ್ನೇ ಮತ್ತೊಮ್ಮೆ ತಪಾಸಣೆ ಮಾಡಿಸಿ. ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜ್‌ಗೆ ಮುಂಗಡ ಕಟ್ಟಬೇಡಿ, ಆವತ್ತಿಂದು ಆವತ್ತು ಕೊಡಿ. ನನ್ನ ಹತ್ತಿರವೂ ಅಷ್ಟೇ. ಮೂರು ತಿಂಗಳಾದರೂ ವಾರಕ್ಕೆ ಮೂರು ಸಲ ಬನ್ನಿ ಅನ್ನುವ ಫಿಸಿಯೋ ನಿಮಗೆ ವ್ಯಾಯಾಮ ಕಲಿಸಿಲ್ಲ ಅಂತ ಲೆಕ್ಕ.

ಸೂಜಿ ನಿಂತ ಮೇಲೂ ವ್ಯಾಯಾಮ ವಾರಕ್ಕೆ ಮೂರು ದಿನ ಇರಲಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಕೊಯ್ಲು ಶುರುವಾಗುವ ಎರಡು ತಿಂಗಳು ಮೊದಲೇ ಕುರ್ಚಿ ವ್ಯಾಯಾಮ ಹಿಡಿಯಿರಿ, ನೋವು ಬಂದ ಮೇಲಲ್ಲ. ಸುಲಿಯುವಾಗ ನೆಲಕ್ಕಿಂತ ಸ್ವಲ್ಪ ಎತ್ತರದ ಮಣೆ ಹಾಕಿ, ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಬನ್ನಿ. ಸಿಪ್ಪೆ ಬುಟ್ಟಿ ಎತ್ತಿ ಹಾಕುವ ಕೆಲಸವನ್ನು ಬೇರೆಯವರಿಗೆ ಬಿಡದೆ ನೀವೇ ಇಟ್ಟುಕೊಂಡರೆ ಏಳಲು ನೆಪವೂ ಸಿಗುತ್ತದೆ.